ಲಾಕ್ ಪಿಕ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಕೈಯಾರೆ ಮಾಡಿಕೊಳ್ಳಬೇಕು

ಕೀ ಇಲ್ಲದೆ ಬೀಗ ತೆಗೆಯುವ ಹವ್ಯಾಸಕ್ಕೆ ಹೊಸದಾಗಿ ಬಂದವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಮೊದಲ ದಿನವೇ ಹ್ಯಾಕ್ಸಾ ಬ್ಲೇಡ್ ಮುರಿದು, ಗ್ರೈಂಡರ್‌ಗೆ ಹಿಡಿದು, ತುದಿ ಬಾಗಿದ ಹುಕ್ ಎಂಬ ಪಿಕ್ (ಬೀಗದೊಳಗಿನ ಪಿನ್ ಎಂಬ ಸಣ್ಣ ಕಡ್ಡಿಗಳನ್ನು ಎತ್ತುವ ತೆಳು ಸಲಕರಣೆ) ಮಾಡುತ್ತಾರೆ. ಅದು ಕೀಹೋಲ್ ಒಳಗೆ ಹೋಗುವುದಿಲ್ಲ. ಹೋದರೂ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬಾಗುತ್ತದೆ. ಬೀಗ ತೆರೆಯದಿದ್ದಾಗ ತಪ್ಪು ಪಿಕ್‌ನದೋ ಕೈಯದೋ ಗೊತ್ತಾಗುವುದಿಲ್ಲ. ಪಿಕ್ಕೂ ಹೊಸದು, ಕೈಯೂ ಹೊಸದು. ಹೋಲಿಸಿ ನೋಡಲು ಏನೂ ಇಲ್ಲ.

ಹಾಗಾಗಿ ಮಾಡುವುದಾ, ಕೊಳ್ಳುವುದಾ ಅನ್ನುವುದಕ್ಕಿಂತ ಯಾವುದು ಮೊದಲು ಅನ್ನುವುದು ಮುಖ್ಯ. ಮೊದಲ ಹುಕ್ ಕೊಳ್ಳಿ. ಟೆನ್ಶನ್ ಟೂಲ್, ಅಂದರೆ ಪಿಕ್ ಆಡಿಸುವಾಗ ಬೀಗಕ್ಕೆ ತಿರುಗಿಸುವ ಒತ್ತಡ ಕೊಡುವ ಬಾಗಿದ ಪಟ್ಟಿ, ನೀವೇ ಮಾಡಿ. ಬೀಗ ತೆಗೆಯಲು ಕೈ ಕೂತ ಮೇಲೆ, ಕೊಂಡ ಹುಕ್ಕನ್ನೇ ಅಳತೆಗೆ ಇಟ್ಟುಕೊಂಡು ಎರಡನೆಯದನ್ನು ಮಾಡಿ. ಈ ಕ್ರಮ ತಪ್ಪಿದವರು ಉಕ್ಕನ್ನೂ ಹಾಳು ಮಾಡುತ್ತಾರೆ, ಉತ್ಸಾಹವನ್ನೂ ಕಳೆದುಕೊಳ್ಳುತ್ತಾರೆ.

ಶುರು ಮಾಡುವ ಮುನ್ನ

ಈ ಹವ್ಯಾಸದವರೆಲ್ಲ ಪಾಲಿಸುವ ಎರಡು ನಿಯಮಗಳಿವೆ. ನಿಮ್ಮದಲ್ಲದ ಬೀಗಕ್ಕೆ ಕೈ ಹಾಕಬೇಡಿ. ನಿಮ್ಮದೇ ಆದರೂ ಬಳಕೆಯಲ್ಲಿರುವ ಬೀಗಕ್ಕೂ ಕೈ ಹಾಕಬೇಡಿ. ಎರಡನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಮನೆ ಬಾಗಿಲಿನ ಬೀಗದಲ್ಲಿ ಪಿಕ್ ತುದಿ ಮುರಿದರೆ ಆ ರಾತ್ರಿ ನೀವು ಹೊರಗೇ ಇರಬೇಕಾಗುತ್ತದೆ.

ಕಾನೂನನ್ನೂ ಮೊದಲೇ ನೋಡಿಕೊಳ್ಳಿ. ಕೆಲವು ದೇಶಗಳಲ್ಲಿ ಪಿಕ್ ಇಟ್ಟುಕೊಳ್ಳುವುದು ತಪ್ಪಲ್ಲ, ಕೆಟ್ಟ ಉದ್ದೇಶ ಇದ್ದರೆ ಮಾತ್ರ ತಪ್ಪು. ಇನ್ನು ಕೆಲವು ಕಡೆ ಹಾಗಿಲ್ಲ. ಜಪಾನ್‌ನಲ್ಲಿ 2003ರಲ್ಲಿ ಬಂದ ಕಾನೂನಿನ ಪ್ರಕಾರ ಸರಿಯಾದ ಕಾರಣವಿಲ್ಲದೆ ಇಂಥ ಸಲಕರಣೆ ಇಟ್ಟುಕೊಳ್ಳುವುದೇ ಅಪರಾಧ. ಕೊಂಡ ಪಿಕ್‌ಗೆ ಅನ್ವಯಿಸುವುದೆಲ್ಲ ಮನೆಯಲ್ಲಿ ಮಾಡಿದ್ದಕ್ಕೂ ಅನ್ವಯಿಸುತ್ತದೆ. ಎಲ್ಲೇ ಆಗಲಿ, ಸುಮ್ನೆ ಜೇಬಿನಲ್ಲಿಟ್ಟುಕೊಂಡು ಓಡಾಡಬೇಡಿ.

ಹಂತ 1: ಕೊಳ್ಳುವುದು ಕಡಿಮೆ ಇರಲಿ

ಒಂದು ಶಾರ್ಟ್ ಹುಕ್, ಒಂದು ಮೀಡಿಯಂ ಹುಕ್. ಶುರುವಿಗೆ ಇಷ್ಟು ಸಾಕು. ಬೇಕಿದ್ದರೆ ಒಂದು ರೇಕ್ (ತುದಿ ಅಲೆಯಂತೆ ಏರಿಳಿದ ಪಿಕ್) ಸೇರಿಸಿಕೊಳ್ಳಿ. ಇಪ್ಪತ್ತು, ಮೂವತ್ತು ತುಂಡುಗಳ ಸೆಟ್ ನೋಡಿ ಮರುಳಾಗಬೇಡಿ. ಅದರಲ್ಲಿ ಮೂರು ಮತ್ತೊಂದನ್ನು ಬಿಟ್ಟರೆ ಉಳಿದವು ಪೌಚ್ ಬಿಟ್ಟು ಹೊರಗೆ ಬರುವುದೇ ಇಲ್ಲ.

ಕೊಳ್ಳುವಾಗ ಎರಡು ವಿವರ ಹುಡುಕಿ: ಯಾವ ಉಕ್ಕು, ಎಷ್ಟು ದಪ್ಪ. ಎರಡನ್ನೂ ಹೇಳದ ಸರಕು ಬೇಡ. ದಪ್ಪ ಸಾಮಾನ್ಯವಾಗಿ 0.38, 0.46, 0.5, 0.6 ಮಿಲಿಮೀಟರ್ ಆಸುಪಾಸಿನಲ್ಲಿ ಇರುತ್ತದೆ. ಮೊದಲನೆಯದಕ್ಕೆ 0.5 ಅಥವಾ 0.6 ಒಳ್ಳೆಯದು. 0.38 ಇಕ್ಕಟ್ಟಾದ ಕೀಹೋಲ್‌ಗೆ ಬೇಕು, ಆದರೆ ಹೊಸ ಕೈಯಲ್ಲಿ ಬೇಗ ಬಾಗುತ್ತದೆ.

ಕ್ರೆಡಿಟ್ ಕಾರ್ಡ್ ಆಕಾರದಲ್ಲಿ ಬರುವ ಪಿಕ್, ಚಾಕುವಿನಂತೆ ಮಡಚುವ ಪಿಕ್, ಟ್ರಿಗರ್ ಒತ್ತಿದರೆ ಪಿನ್‌ಗಳಿಗೆ ಬಡಿಯುವ ಪಿಕ್ ಗನ್ ಇವನ್ನೆಲ್ಲ ಈಗ ಬಿಡಿ. ಮೊದಲ ಎರಡರಲ್ಲಿ ಹಿಡಿತ ಸಿಗುವುದಿಲ್ಲ. ಪಿಕ್ ಗನ್ ಬೀಗ ತೆಗೆಯಬಹುದು, ಆದರೆ ಬೀಗದ ಒಳಗೆ ಏನಾಗುತ್ತಿದೆ ಎಂದು ಕೈಗೆ ಏನೂ ಕಲಿಸುವುದಿಲ್ಲ.

ಅಭ್ಯಾಸಕ್ಕೆ ಕೀ ಸಮೇತ ಇರುವ, ನಾಲ್ಕು ಪಿನ್‌ನ ಸಾದಾ ಹಿತ್ತಾಳೆ ಬೀಗ ತೆಗೆದುಕೊಳ್ಳಿ. ಪಾರದರ್ಶಕ ಪ್ಲಾಸ್ಟಿಕ್ ಬೀಗ ಒಳಗಿನ ಕೆಲಸ ತಿಳಿಯಲು ಚೆನ್ನಾಗಿದೆ. ಆದರೆ ಅದರ ಭಾಗಗಳು ಸಡಿಲ, ಅದರಲ್ಲಿ ಸಿಗುವ ಸ್ಪರ್ಶ ನಿಜವಾದ ಬೀಗದ ಸ್ಪರ್ಶ ಅಲ್ಲ. ಪಿನ್ ತೆಗೆದು ಹಾಕಬಹುದಾದ ಸಿಲಿಂಡರ್ (ಬೀಗದಲ್ಲಿ ಕೀ ಹೋಗಿ ತಿರುಗುವ ಭಾಗ) ಸಿಕ್ಕರೆ ಇನ್ನೂ ಒಳ್ಳೆಯದು. ಮುಂದೆ ಪರೀಕ್ಷೆಗೆ ಅದೇ ಬೇಕಾಗುತ್ತದೆ.

ಹಂತ 2: ಕೀಹೋಲ್ ಅಳೆಯಿರಿ

ಈ ಹಂತವನ್ನು ಬಹುತೇಕ ಎಲ್ಲರೂ ಹಾರಿಸುತ್ತಾರೆ. ಎರಡು ಅಳತೆ ಬೇಕು: ಕೀಹೋಲ್‌ನ ಅತಿ ಕಿರಿದಾದ ಜಾಗದ ಅಗಲ, ಮತ್ತು ಪಿನ್‌ಗಳ ಕೆಳಗೆ ಪಿಕ್ ಓಡಾಡಲು ಇರುವ ಎತ್ತರ. ಕ್ಯಾಲಿಪರ್ ಇದ್ದರೆ ಕೀಯ ದಪ್ಪ ಅಳೆದರೆ ಅಂದಾಜು ಸಿಗುತ್ತದೆ. ಆದರೆ ಕೀಯ ಅಕ್ಕಪಕ್ಕ ಉದ್ದಕ್ಕೂ ಗೀರಿದ ಕಾಲುವೆಗಳಿರುತ್ತವೆ. ಅವುಗಳ ಎದುರಿಗೆ ಬೀಗದ ಒಳಗೆ ಏಣುಗಳಿರುತ್ತವೆ. ಪಿಕ್ ದಾಟಬೇಕಿರುವುದು ಆ ಏಣುಗಳ ನಡುವಿನ ಸಂದಿಯನ್ನು. ಫೀಲರ್ ಗೇಜ್‌ನ (ಸಂದಿ ಅಳೆಯುವ, ಬೇರೆ ಬೇರೆ ದಪ್ಪದ ಉಕ್ಕಿನ ಎಲೆಗಳ ಸೆಟ್) ಎಲೆಗಳನ್ನು ಒಂದೊಂದಾಗಿ ತೂರಿಸಿ ನೋಡುವುದು ಇದಕ್ಕಿಂತ ನಂಬಿಕೆಯ ದಾರಿ. ಯಾವ ಎಲೆ ಬಿಗಿಯಾಗಿ ನಿಲ್ಲುತ್ತದೋ ಅದಕ್ಕಿಂತ ತೆಳುವಾದದ್ದೇ ನಿಮ್ಮ ಪಿಕ್‌ನ ದಪ್ಪ.

ಹಂತ 3: ಟೆನ್ಶನ್ ಟೂಲ್ ಮಾಡಿ

ಸ್ವಂತ ಕೈಯಿಂದ ಮಾಡಿದ್ದು ಕೊಂಡದ್ದಕ್ಕಿಂತ ನಿಜಕ್ಕೂ ಚೆನ್ನಾಗಿರಬಲ್ಲ ಒಂದೇ ವಸ್ತು ಇದು. ಕಾರಣ ಸರಳ. ಪಿಕ್ ಹತ್ತಾರು ಬೀಗಕ್ಕೆ ಹೊಂದುತ್ತದೆ. ಟೆನ್ಶನ್ ಟೂಲ್ ನಿಮ್ಮ ಬೀಗದ ಬಾಯಿಗೆ ಸರಿಯಾಗಿ ಕೂರಬೇಕು. ಅಂಗಡಿಯವರಿಗೆ ನಿಮ್ಮ ಬೀಗ ಗೊತ್ತಿಲ್ಲ ಅಲ್ವಾ?

ಹಳೆಯ ಕಾರ್ ವೈಪರ್‌ನ ರಬ್ಬರ್ ಪಕ್ಕದಲ್ಲಿ ಎರಡು ಸ್ಟೇನ್‌ಲೆಸ್ ಪಟ್ಟಿಗಳಿರುತ್ತವೆ. ಇದಕ್ಕಿಂತ ಒಳ್ಳೆಯ ಕಚ್ಚಾ ವಸ್ತು ಸುಲಭವಾಗಿ ಸಿಗುವುದಿಲ್ಲ. ರಸ್ತೆ ಗುಡಿಸುವ ಯಂತ್ರದಿಂದ ಉದುರುವ ಉಕ್ಕಿನ ಕಡ್ಡಿಯೂ ಆಗುತ್ತದೆ. ಹೇರ್‌ಪಿನ್, ಪೇಪರ್ ಕ್ಲಿಪ್ ಬೇಡ. ಒತ್ತಿದರೆ ಬಾಗಿ ಹಾಗೇ ಉಳಿಯುತ್ತವೆ.

ಎರಡು ಬಗೆ ಮಾಡಿಕೊಳ್ಳಿ. ಮೊದಲನೆಯದು ಪಿನ್ ಇರುವ ಕಡೆ ಕೂರುವಂಥದ್ದು. ಇದರ ತುದಿ ಗಿಡ್ಡ, 3ರಿಂದ 4 ಮಿಲಿಮೀಟರ್. ಜಾಸ್ತಿ ಉದ್ದವಾದರೆ ಮೊದಲ ಪಿನ್‌ಗೆ ತಾಗಿ ಅದನ್ನು ಅಲುಗದಂತೆ ಮಾಡುತ್ತದೆ. ಎರಡನೆಯದು ಪಿನ್‌ನ ಎದುರಿನ ಕಡೆಗೆ. ಇದರ ತುದಿ 10 ಮಿಲಿಮೀಟರ್ ಆಸುಪಾಸು ಇರಬಹುದು. ಮೊದಲ ಬಗೆಯದು ಪಿಕ್‌ಗೆ ಜಾಸ್ತಿ ಜಾಗ ಬಿಡುತ್ತದೆ. ನನ್ನ ಒಲವು ಅದರ ಕಡೆಗೇ.

1. ಪಟ್ಟಿಯನ್ನು 80ರಿಂದ 100 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ.

2. ತುದಿಯನ್ನು ಬೆಂಚ್ ವೈಸ್‌ನಲ್ಲಿ ಕಚ್ಚಿಸಿ, ನಿಧಾನಕ್ಕೆ 90 ಡಿಗ್ರಿಗೆ ಬಗ್ಗಿಸಿ. ವೈಸ್‌ನ ಚೂಪು ಅಂಚಿಗೆ ತಾಗಿಸಿ ಬಗ್ಗಿಸಬೇಡಿ, ಬಿರುಕು ಬಿಡುತ್ತದೆ. ಮೊಳೆಯಂಥ ದುಂಡನೆಯದನ್ನು ಮಧ್ಯೆ ಇಟ್ಟರೆ ಬಾಗು ದುಂಡಾಗಿ ಬರುತ್ತದೆ.

3. ತುದಿಯನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಮತ್ತೆ ಮತ್ತೆ ಬೀಗಕ್ಕೆ ಹಾಕಿ ನೋಡಿ. ಬಿಗಿಯಾಗಿ ಕೂತಾಗ ನಿಲ್ಲಿಸಿ. ಬೀಗವನ್ನು ಬೋರಲು ಹಿಡಿದರೂ ಟೂಲ್ ಬೀಳಬಾರದು.

ಎಚ್ಚರಿಕೆಯ ಗುರುತು: ಬೆರಳಿಂದ ಹಗುರವಾಗಿ ಒತ್ತಿದಾಗ ಟೂಲ್ ಕೀಹೋಲ್‌ನಲ್ಲಿ ಲಟಲಟ ಅಲ್ಲಾಡಿದರೆ ಅದು ಸಡಿಲ. ಆಗ ಪಿನ್ ಕೂತ ಸಣ್ಣ ಕ್ಲಿಕ್ ಬೆರಳಿಗೆ ತಲುಪುವುದಿಲ್ಲ.

ಹಂತ 4: ಕೊಂಡ ಹುಕ್, ಮಾಡಿದ ಟೂಲ್, ಕೆಲವು ವಾರ

ಗ್ರೈಂಡರ್ ಕಡೆ ಹೋಗುವ ಮುನ್ನ ಬೀಗ ತೆಗೆಯಲು ಕಲಿಯಿರಿ. ಟೂಲ್‌ನಿಂದ ಹಗುರವಾಗಿ ತಿರುಗಿಸುವ ಒತ್ತಡ ಕೊಟ್ಟರೆ ಪಿನ್‌ಗಳಲ್ಲಿ ಒಂದು ಮಾತ್ರ ಬಿಗಿಯಾಗುತ್ತದೆ. ಅದನ್ನು ಹುಡುಕಿ ಎತ್ತಿದರೆ ಕ್ಲಿಕ್ ಎಂದು ಕೂರುತ್ತದೆ. ಆಮೇಲೆ ಇನ್ನೊಂದು ಬಿಗಿಯಾಗುತ್ತದೆ. ಎಲ್ಲ ಪಿನ್‌ಗಳೂ ಬಿಗಿ ಅನ್ನಿಸಿದರೆ ಒತ್ತಡ ಜಾಸ್ತಿಯಾಗಿದೆ. ಶೇಕಡಾವಾರು ಲೆಕ್ಕ ನನ್ನ ಬಳಿ ಇಲ್ಲ, ಆದರೆ ಪಿಕ್ ಸರಿಯಿಲ್ಲ ಎಂದು ದೂರುವವರ ಕೈ ನೋಡಿದರೆ ಟೂಲ್ ಹಿಡಿದ ಬೆರಳಿನ ಉಗುರು ಬೆಳ್ಳಗಾಗಿರುತ್ತದೆ.

ಒಂದೇ ಬೀಗವನ್ನು ಬೇಕೆಂದಾಗ ತೆಗೆಯಲು ಬಂದರೆ ಮುಂದಿನ ಹಂತಕ್ಕೆ ಹೋಗಿ. ಅದಕ್ಕೂ ಮೊದಲು ಹೋದರೆ ಮಾಡಿದ ಪಿಕ್ ಚೆನ್ನಾಗಿದೆಯೋ ಇಲ್ಲವೋ ನಿಮಗೇ ಗೊತ್ತಾಗುವುದಿಲ್ಲ.

ಹಂತ 5: ಉಕ್ಕು ಆರಿಸಿ

ಫೀಲರ್ ಗೇಜ್: ಮೊದಲ ಪ್ರಯತ್ನಕ್ಕೆ ನನ್ನ ಆಯ್ಕೆ ಇದು. ಪ್ರತಿ ಎಲೆಯ ಮೇಲೂ ದಪ್ಪ ಕೊರೆದಿರುತ್ತದೆ. ಹದ ಕೊಟ್ಟ ಸ್ಪ್ರಿಂಗ್ ಉಕ್ಕು, ನಾವು ಬೇರೆ ಹದ ಕೊಡಬೇಕಿಲ್ಲ. ಸೆಟ್‌ನಲ್ಲಿ 0.4ರಿಂದ 0.6ರ ನಡುವಿನ ಎಲೆಗಳು ಮಾತ್ರ ಪಿಕ್‌ಗೆ ಬರುತ್ತವೆ. ಬಹುಪಾಲು ಗೇಜ್‌ಗಳು ಕಾರ್ಬನ್ ಉಕ್ಕಿನವು, ಎಣ್ಣೆ ಒರೆಸದಿದ್ದರೆ ತುಕ್ಕು ಹಿಡಿಯುತ್ತವೆ.

ಹ್ಯಾಕ್ಸಾ ಬ್ಲೇಡ್: ಎಲ್ಲ ಕಡೆ ಸಿಗುತ್ತದೆ. ದಪ್ಪ ಸುಮಾರು 0.63 ಮಿಲಿಮೀಟರ್, ಇಕ್ಕಟ್ಟು ಕೀಹೋಲ್‌ಗೆ ಜಾಸ್ತಿ. ಎರಡು ಜಾತಿ ಇವೆ. ಬೈಮೆಟಲ್ ಬ್ಲೇಡ್‌ನಲ್ಲಿ ಹಲ್ಲಿನ ಅಂಚು ಮಾತ್ರ ಗಟ್ಟಿ, ಬೆನ್ನು ಬಾಗುವ ಸ್ಪ್ರಿಂಗ್ ಉಕ್ಕು. ಬೆನ್ನಿನ ಕಡೆಯಿಂದ ಪಿಕ್ ಮಾಡಿದರೆ ಚೆನ್ನಾಗಿರುತ್ತದೆ. ಪೂರ್ತಿ ಗಟ್ಟಿಯಾದ ಬ್ಲೇಡ್ ಬಗ್ಗಿಸಿದರೆ ಗಾಜಿನ ಹಾಗೆ ಚೂರಾಗುತ್ತದೆ, ಪಿಕ್ ಆದ ಮೇಲೂ ಬೀಗದೊಳಗೆ ಹಾಗೇ ಮುರಿಯುತ್ತದೆ. ಅದು ಬೇಡ. ಬ್ಲೇಡ್ ಮುರಿಯುವಾಗ ಬಟ್ಟೆ ಸುತ್ತಿ, ಕನ್ನಡಕ ಹಾಕಿ.

ಸ್ಟೇನ್‌ಲೆಸ್ ಪಟ್ಟಿ: 301 ಎಂಬ ಜಾತಿಯ ಪೂರ್ತಿ ಗಟ್ಟಿಯಾದ ಪಟ್ಟಿ ಸಿಕ್ಕರೆ ತುಕ್ಕಿನ ಚಿಂತೆ ಇಲ್ಲ. ಕೈಯ ಅರದಿಂದ ಉಜ್ಜಲು ಮಾತ್ರ ತಾಳ್ಮೆ ಬೇಕು.

ತಗಡು, ಪಾತ್ರೆಯ ಸ್ಟೀಲ್ ಇವೆರಡೂ ಆಗುವುದಿಲ್ಲ. ಪರೀಕ್ಷೆ ಸುಲಭ: ಪಟ್ಟಿಯನ್ನು ಸ್ವಲ್ಪ ಬಾಗಿಸಿ ಬಿಡಿ. ತಾನಾಗಿ ನೆಟ್ಟಗಾದರೆ ಸರಿ, ಬಾಗಿದಲ್ಲೇ ನಿಂತರೆ ಬಿಟ್ಟುಬಿಡಿ.

ಹಂತ 6: ಸಲಕರಣೆ ಮತ್ತು ಸುರಕ್ಷೆ

ಬೆಂಚ್ ವೈಸ್, ಸಣ್ಣ ಅರಗಳ ಸೆಟ್, 220ರಿಂದ 1000 ತನಕದ ವಾಟರ್ ಪೇಪರ್, ಮಾರ್ಕರ್, ಒಂದು ಬಟ್ಟಲು ನೀರು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಕತ್ತರಿಸುವ ಡಿಸ್ಕ್ ಇರುವ ಸಣ್ಣ ರೋಟರಿ ಟೂಲ್ ಇದ್ದರೆ ಕೆಲಸ ಬೇಗ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ. ತಿರುಗುವ ಯಂತ್ರದ ಹತ್ತಿರ ಬಟ್ಟೆಯ ಕೈಗವಸು ಹಾಕಬೇಡಿ, ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆಯುತ್ತದೆ. ಬೆಂಚ್ ಗ್ರೈಂಡರ್‌ಗೆ ತೆಳು ಪಟ್ಟಿಯನ್ನು ಬರಿ ಬೆರಳಲ್ಲಿ ಹಿಡಿಯಬೇಡಿ. ಲಾಕಿಂಗ್ ಇಕ್ಕಳ ಬಳಸಿ. ಸಾಣೆಕಲ್ಲಿನ ಪಕ್ಕಕ್ಕೆ ಒತ್ತಬೇಡಿ.

ಹಂತ 7: ಆಕಾರ ಬರೆದು ಕತ್ತರಿಸಿ

ಕೊಂಡ ಹುಕ್ ಈಗ ಕೆಲಸಕ್ಕೆ ಬರುತ್ತದೆ. ಪಟ್ಟಿಗೆ ಮಾರ್ಕರ್‌ನಿಂದ ಕಪ್ಪು ಬಳಿಯಿರಿ. ಅದರ ಮೇಲೆ ಹುಕ್ ಇಟ್ಟು ಮೊಳೆಯ ಮೊನೆಯಿಂದ ಸುತ್ತ ಗೀರಿ. ಕಾಗದದ ಮೇಲೆ ಅಚ್ಚು ಹಾಕಿದ ಆಕಾರ ಬಳಸುವುದಾದರೆ, ಅಂಟಿಸುವ ಮುನ್ನ ಅಳತೆಪಟ್ಟಿ ಇಟ್ಟು ನೋಡಿ. ಪ್ರಿಂಟರ್‌ಗಳು ಪುಟಕ್ಕೆ ಹೊಂದಿಸಲು ಚಿತ್ರವನ್ನು ಸದ್ದಿಲ್ಲದೆ ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ.

ಶಾರ್ಟ್ ಹುಕ್‌ಗೆ ಸುಮಾರು ಅಳತೆ ಹೀಗಿರಲಿ: ಬೀಗದೊಳಗೆ ಹೋಗುವ ಕಾಂಡದ ಎತ್ತರ 2ರಿಂದ 2.5 ಮಿಲಿಮೀಟರ್, ಅದರ ಮೇಲೆ ತುದಿ 1.5 ಮಿಲಿಮೀಟರ್ ಎದ್ದಿರಲಿ, ಕಾಂಡದ ಉದ್ದ 35 ಮಿಲಿಮೀಟರ್ ಆಸುಪಾಸು. ಹ್ಯಾಕ್ಸಾ ಬ್ಲೇಡ್ ಆದರೆ ಮೊದಲು ಹಲ್ಲುಗಳನ್ನು ಪೂರ್ತಿ ಸವೆಸಿ.

1. ಪಟ್ಟಿಯನ್ನು ಎರಡು ದಪ್ಪ ಅಲ್ಯೂಮಿನಿಯಂ ತುಂಡುಗಳ ನಡುವೆ ಇಟ್ಟು ವೈಸ್‌ನಲ್ಲಿ ಬಿಗಿಯಿರಿ. ಪಟ್ಟಿ ಅದುರುವುದಿಲ್ಲ, ಬಿಸಿಯನ್ನೂ ತುಂಡುಗಳು ಎಳೆದುಕೊಳ್ಳುತ್ತವೆ.

2. ಗೀರಿನಿಂದ 1 ಮಿಲಿಮೀಟರ್ ಹೊರಗೆ ಉಳಿಸಿಕೊಂಡು ದೊಡ್ಡ ಭಾಗಗಳನ್ನು ತೆಗೆಯಿರಿ.

3. ಹಿಡಿಯ ಕಡೆಯಿಂದ ತುದಿಯ ಕಡೆಗೆ ಬನ್ನಿ. ತುದಿ ಕೊನೆಗೆ. ಅದು ಸಣ್ಣದು, ಕ್ಷಣದಲ್ಲಿ ಕಾಯುತ್ತದೆ.

4. ಗೀರಿನ ಹತ್ತಿರ ಬಂದ ಮೇಲೆ ಯಂತ್ರ ಬದಿಗಿಡಿ. ಉಳಿದದ್ದೆಲ್ಲ ಕೈಯ ಅರದ ಕೆಲಸ.

ಬಿಸಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮನೆಯಲ್ಲಿ ಮಾಡಿದ ಪಿಕ್‌ಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಯಂತ್ರ ಎರಡು ಸೆಕೆಂಡು ತಾಗಿಸಿ, ನೀರಿಗೆ ಅದ್ದಿ, ಮತ್ತೆ ತಾಗಿಸಿ. ನೀರಿಗೆ ಹಾಕಿದಾಗ ಚುಂಯ್ ಎಂದರೆ ಉಕ್ಕು ಆಗಲೇ 100 ಡಿಗ್ರಿ ದಾಟಿದೆ, ಇನ್ನೂ ಬೇಗ ಅದ್ದಬೇಕು ಎಂದರ್ಥ. ಕಾರ್ಬನ್ ಉಕ್ಕಿನ ಹೊಳೆಯುವ ಅಂಚನ್ನೇ ನೋಡುತ್ತಿರಿ. 220 ಡಿಗ್ರಿ ದಾಟಿದಾಗ ತೆಳು ಹಳದಿ ಬರುತ್ತದೆ. ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಹಳದಿ ಕಂಡರೆ ನಿಲ್ಲಿಸಿ. ನೀಲಿ ದಾಟಿ ಬೂದು ಬಣ್ಣಕ್ಕೆ ತಿರುಗಿದ ಜಾಗದ ಹದ ಕೆಟ್ಟಿದೆ, ಅಲ್ಲಿ ಪಿಕ್ ಬಾಗಿ ಹಾಗೇ ನಿಲ್ಲುತ್ತದೆ. ಬಣ್ಣವನ್ನು ಉಜ್ಜಿ ತೆಗೆಯಬಹುದು, ಹದ ಮಾತ್ರ ಹಿಂದಿರುಗುವುದಿಲ್ಲ. ಆ ತುಂಡು ಬಿಟ್ಟು ಹೊಸದು ಹಿಡಿಯಿರಿ.

ಇನ್ನೊಂದು ತಪ್ಪು ಕಾಂಡ ಮತ್ತು ಹಿಡಿ ಸೇರುವ ಮೂಲೆಯಲ್ಲಿ. ಅಲ್ಲಿ ಚೌಕ ಮೂಲೆ ಬಿಟ್ಟರೆ ಪಿಕ್ ಅಲ್ಲೇ ಮುರಿಯುತ್ತದೆ. ದುಂಡು ಅರದಿಂದ ಮೂಲೆಯನ್ನು ದುಂಡಗೆ ಮಾಡಿ. ಕಾಂಡದ ಮಧ್ಯೆ ಅರ ಜಾರಿ ಕಚ್ಚು ಬಿದ್ದಿದ್ದರೆ ಅದಕ್ಕೂ ಇದೇ ಗತಿ. ಸುತ್ತಲೂ ಉಜ್ಜಿ ಸಮ ಮಾಡಿ.

ತುದಿ ಸೂಜಿಯಂತೆ ಚೂಪಾದರೆ ಎರಡು ಪಿನ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ. ತೀರಾ ಅಗಲವಾದರೆ ಪಕ್ಕದ ಪಿನ್ನನ್ನೂ ಎತ್ತುತ್ತದೆ. ಕೊಂಡ ಹುಕ್ ಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿ.

ಹಂತ 8: ತಿಕ್ಕುವುದು

ಆಕಾರ ಬಂತು ಎಂದು ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ಆಕಾರಕ್ಕೆ ಹಿಡಿದಷ್ಟೇ ಹೊತ್ತು ತಿಕ್ಕಲು ಹಿಡಿಯಬೇಕು. ಒರಟು ಪಿಕ್ ಕೀಹೋಲ್‌ನ ಗೋಡೆಗೆ ಉಜ್ಜಿ ಕರಕರ ಅನ್ನುತ್ತದೆ, ಪಿನ್‌ನ ಮಾತು ಅದರಲ್ಲಿ ಮುಚ್ಚಿಹೋಗುತ್ತದೆ. ಬೀಗದ ಹಿತ್ತಾಳೆಯೂ ಸವೆಯುತ್ತದೆ.

220ರಿಂದ ಶುರು ಮಾಡಿ 400, 600, 1000 ಕ್ರಮದಲ್ಲಿ ಹೋಗಿ. ಪೇಪರ್ ಒದ್ದೆ ಇರಲಿ. ಉದ್ದಕ್ಕೆ ಮಾತ್ರ ತಿಕ್ಕಿ, ಅಡ್ಡ ಬೇಡ. ಅಡ್ಡ ಗೀರುಗಳಿಂದಲೇ ಬಿರುಕು ಶುರುವಾಗುತ್ತದೆ. ಹಿಂದಿನ ಪೇಪರ್‌ನ ಗೀರು ಪೂರ್ತಿ ಹೋಗುವ ತನಕ ಮುಂದಿನದಕ್ಕೆ ಹೋಗಬೇಡಿ. ಎರಡು ಮುಖಗಳು, ಬೆನ್ನು, ತುದಿಯ ಒಳಬಾಗು ಎಲ್ಲವನ್ನೂ ತಿಕ್ಕಿ. ಬೆನ್ನಿನ ಎರಡೂ ಅಂಚುಗಳನ್ನು ಸ್ವಲ್ಪ ದುಂಡಗೆ ಮಾಡಿ, ಒಳಗೆ ಜಾರುವುದು ಅದೇ ಭಾಗ.

ಮುಗಿಯಿತು ಅನ್ನಿಸಿದಾಗ ಪಿಕ್ಕನ್ನು ಹತ್ತಿಯ ಉಂಡೆಯೊಳಗಿಂದ ಎಳೆಯಿರಿ. ಎಳೆ ಸಿಕ್ಕಿಕೊಂಡ ಜಾಗದಲ್ಲಿ ಸಿಬಿರು ಇದೆ. ಕಣ್ಣಿಗೆ ಕಾಣದ್ದು ಹತ್ತಿಗೆ ಸಿಗುತ್ತದೆ. ಕನ್ನಡಿಯಂಥ ಹೊಳಪು ಬೇಕಿಲ್ಲ, ಅದು ಫೋಟೋಗೆ ಮಾತ್ರ.

ಹಂತ 9: ಹಿಡಿ

ಕರೆಂಟ್ ಕೆಲಸದವರು ಬಳಸುವ ಹೀಟ್ ಶ್ರಿಂಕ್ ಟ್ಯೂಬ್ ಎರಡು ಪದರ ಸಾಕು. ಬಿಸಿಗಾಳಿಯಿಂದ ಕುಗ್ಗಿಸಿ, ಬೆಂಕಿಕಡ್ಡಿ ಕಾಂಡದ ಹತ್ತಿರ ಬರಬಾರದು. ದಪ್ಪ ಮೆತ್ತನೆ ರಬ್ಬರ್ ಹಿಡಿ ಕೈಗೆ ಹಿತ, ಆದರೆ ಸ್ಪರ್ಶವನ್ನು ನುಂಗಿಬಿಡುತ್ತದೆ.

ಹಂತ 10: ಪರೀಕ್ಷೆ

ಸಿಲಿಂಡರ್‌ನಲ್ಲಿ ಎರಡೇ ಪಿನ್ ಬಿಟ್ಟು ಉಳಿದವನ್ನು ತೆಗೆಯಿರಿ. ಮೊದಲು ಕೊಂಡ ಹುಕ್‌ನಿಂದ ತೆಗೆಯಿರಿ, ಆಮೇಲೆ ನೀವು ಮಾಡಿದ್ದರಿಂದ. ಟೆನ್ಶನ್ ಟೂಲ್ ಬದಲಾಯಿಸಬೇಡಿ. ಕೊಂಡದ್ದರಲ್ಲಿ ತೆರೆದು ನಿಮ್ಮದರಲ್ಲಿ ತೆರೆಯದಿದ್ದರೆ ದೋಷ ಪಿಕ್‌ನದು. ಎರಡರಲ್ಲೂ ತೆರೆಯದಿದ್ದರೆ ಕೈಯದು. ಆಮೇಲೆ ಒಂದೊಂದೇ ಪಿನ್ ಸೇರಿಸುತ್ತಾ ಹೋಗಿ.

ಬೀಗದ ಒಳತುದಿಯ ಪಿನ್ ತಲುಪುವಾಗ ಬಾಯಿಯ ಹತ್ತಿರದ ಪಿನ್‌ಗಳು ಎದ್ದರೆ ಕಾಂಡದ ಎತ್ತರ ಜಾಸ್ತಿ, ಬೆನ್ನಿನ ಕಡೆಯಿಂದ ಸವೆಸಿ. ಪಿನ್ ಎತ್ತುವಾಗ ಕಾಂಡವೇ ಬಳುಕಿದರೆ ತೀರಾ ಸವೆಸಿದ್ದೀರಿ, ಅಥವಾ ಹದ ಹೋಗಿದೆ. ಬಾಗಿದ ಪಿಕ್ಕನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ. ಮುಂದಿನ ಸಲ ಅದು ಬೀಗದೊಳಗೆ ಮುರಿಯುತ್ತದೆ.

ಯಾವುದನ್ನು ಮಾಡಲು ಹೋಗಬಾರದು

ಅಲೆಯಾಕಾರದ ರೇಕ್‌ಗಳ ಏರಿಳಿತ ಕೈಯ ಅರದಲ್ಲಿ ಸಮವಾಗಿ ಬರುವುದು ಕಷ್ಟ. ಡಿಸ್ಕ್ ಬೀಗದ, ಕೊಳವೆ ಬೀಗದ ಸಲಕರಣೆಗಳಿಗೆ ಲೇತ್ ಯಂತ್ರದ ಕೆಲಸ ಬೇಕು. 0.38ರ ತೆಳು ಪಿಕ್ ತಿಕ್ಕುವಾಗಲೇ ಬಾಗುತ್ತದೆ. ಇವನ್ನು ಕೊಳ್ಳಿ. ಮಾಡಲು ಯೋಗ್ಯವಾದದ್ದು ಟೆನ್ಶನ್ ಟೂಲ್‌ಗಳು, ಬೇರೆ ಬೇರೆ ಎತ್ತರದ ಹುಕ್‌ಗಳು, ಹಾಫ್ ಡೈಮಂಡ್ (ತ್ರಿಕೋನ ತುದಿಯ ಪಿಕ್). ಯಾವುದೋ ಒಂದು ಬೀಗದ ಹಿಂದಿನ ಪಿನ್‌ಗೆ ಮಾತ್ರ ಬೇಕಾದ ವಿಚಿತ್ರ ಎತ್ತರದ ಹುಕ್ ಅಂಗಡಿಯಲ್ಲಿ ಸಿಗುವುದಿಲ್ಲ. ಕೈಕೆಲಸ ಬಂದವರಿಗೆ ನಿಜವಾದ ಲಾಭ ಅಲ್ಲಿದೆ.

ತುದಿ ಒಳಗೇ ಮುರಿದರೆ

ಕೀ ಹಾಕಬೇಡಿ. ಅದು ತುಂಡನ್ನು ಇನ್ನೂ ಒಳಗೆ ತಳ್ಳುತ್ತದೆ. ಟೆನ್ಶನ್ ಟೂಲ್ ತೆಗೆದುಬಿಡಿ, ಪಿನ್‌ಗಳ ಬಿಗಿ ಸಡಿಲವಾಗಲಿ. ಕೀಹೋಲ್ ಕೆಳಮುಖ ಮಾಡಿ ಬೀಗವನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಬರದಿದ್ದರೆ ಮರದ ಕುಸುರಿ ಕೆಲಸಕ್ಕೆ ಬಳಸುವ ಸಣ್ಣ ಗರಗಸದ ಬ್ಲೇಡ್ ತುಂಡನ್ನು, ಹಲ್ಲಿನ ಮೊನೆ ಬೀಗದ ಬಾಯಿಯ ಕಡೆಗೆ ಇರುವಂತೆ, ಪಕ್ಕದಲ್ಲಿ ತೂರಿಸಿ ಹೊರಗೆ ಎಳೆಯಿರಿ. ಒಂದೇ ಸಲಕ್ಕೆ ಬರುವುದಿಲ್ಲ, ಸ್ವಲ್ಪ ಸ್ವಲ್ಪವೇ ಜರುಗುತ್ತದೆ. ಹೊರಬಂದ ತುಂಡನ್ನು ಮುರಿದ ಪಿಕ್‌ಗೆ ಜೋಡಿಸಿ ನೋಡಿ. ಪೂರ್ತಿ ಹೊಂದಿದರೆ ಮಾತ್ರ ಕೀ ಹಾಕಿ ತಿರುಗಿಸಿ.